ಕಾಂಬಿನೇಷನ್ ಬರೆಯುವ ಮುನ್ನ

ಮಕ್ಕಳೇ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೆಯ ದಿನದಿಂದ ನಿಮ್ಮನ್ನು ಕಂಡವರೆಲ್ಲ ಕೇಳುವುದು ಎರಡೇ ಮಾತು. ಮೊದಲನೆಯದು, 625ಕ್ಕೆ ಎಷ್ಟು ಬಂತು? ಎರಡನೆಯದು, ಮುಂದೆ ಏನು ತಗೋತೀಯ? ಮೊದಲನೆಯದಕ್ಕೆ ಉತ್ತರ ಹೇಳಿ ಮುಗಿಸುವ ಹೊತ್ತಿಗೆ ಎರಡನೆಯದಕ್ಕೆ ಕೇಳಿದವರೇ ಉತ್ತರ ಕೊಟ್ಟಿರುತ್ತಾರೆ. ಅಂಕ ಚೆನ್ನಾಗಿದ್ದರೆ ಸೈನ್ಸ್, ಸುಮಾರಾಗಿದ್ದರೆ ಕಾಮರ್ಸ್, ಅದಕ್ಕೂ ಕಡಿಮೆಯಾದರೆ ಆರ್ಟ್ಸ್ ಎಂದು ನಮ್ಮ ಊರುಗಳಲ್ಲಿ ಯಾರೋ ಯಾವಾಗಲೋ ಮೂರು ಮೆಟ್ಟಿಲು ಕಟ್ಟಿಬಿಟ್ಟಿದ್ದಾರೆ. ಪದವಿಪೂರ್ವ ಶಿಕ್ಷಣ ಇಲಾಖೆಯ ಯಾವ ನಿಯಮದಲ್ಲೂ ಈ ಮೆಟ್ಟಿಲಿಲ್ಲ. ಆದರೂ ಪ್ರತಿ ಜೂನ್‌ನಲ್ಲಿ ಲಕ್ಷಾಂತರ ಮಕ್ಕಳು ಅದರ ಮೇಲೇ ನಿಂತು ಅರ್ಜಿ ತುಂಬುತ್ತಾರೆ.

ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ದಾಖಲಾತಿ ಸಮಯದಲ್ಲಿ ಆಫೀಸಿನ ಮುಂದೆ ಅಪ್ಪನೋ ಅಣ್ಣನೋ ಅರ್ಜಿ ಹಿಡಿದು ನಿಂತಿರುವುದನ್ನೂ, ಸೇರಬೇಕಾದ ಮಗು ಅವರ ಹಿಂದೆ ಗೋಡೆಗೆ ಒರಗಿ ನಿಂತಿರುವುದನ್ನೂ ಪ್ರತಿ ವರ್ಷ ನೋಡಿದ್ದೇನೆ. ಆ ಗೋಡೆಗೆ ಒರಗಿ ನಿಂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳಬೇಕಾದ ಮಾತು ಇಷ್ಟೇ. ವಿಭಾಗವನ್ನು ಅಂಕ ನೋಡಿ ಆರಿಸಬೇಡಿ, ಮುಂದೆ ಸಿಗುವ ಕೆಲಸದ ಹೆಸರು ನೋಡಿಯೂ ಆರಿಸಬೇಡಿ. ಆ ವಿಭಾಗದಲ್ಲಿ ಎರಡು ವರ್ಷ, ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ಮಾಡುವ ಕೆಲಸ ಏನು ಅನ್ನುವುದನ್ನು ನೋಡಿ ಆರಿಸಿ. ಡಾಕ್ಟರ್ ಆಗಬೇಕೆನ್ನುವ ಮಗುವಿಗೆ ಆಸ್ಪತ್ರೆ ಗೊತ್ತು, ಸ್ಟೆತಸ್ಕೋಪ್ ಗೊತ್ತು. ಅದಕ್ಕೆ ಮೊದಲು ಎರಡು ವರ್ಷ ಓದಬೇಕಾದ ಜೀವಶಾಸ್ತ್ರದ ಪುಸ್ತಕ ಎಷ್ಟು ದಪ್ಪವಿದೆ, ಅದರಲ್ಲಿ ಏನಿದೆ ಅನ್ನುವುದು ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ಕಷ್ಟವೇನೂ ಇಲ್ಲ. ಪಕ್ಕದ ಮನೆಯ ಅಕ್ಕನ ಹತ್ತಿರ ಪ್ರಥಮ ಪಿಯುಸಿಯ ಪುಸ್ತಕಗಳಿರುತ್ತವೆ. ವಿಜ್ಞಾನಕ್ಕೆ ನಮ್ಮಲ್ಲೂ ಎನ್‌ಸಿಇಆರ್‌ಟಿ ಪುಸ್ತಕಗಳೇ, ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತವೆ. ಭೌತಶಾಸ್ತ್ರದ ಒಂದು ಅಧ್ಯಾಯ, ಲೆಕ್ಕಶಾಸ್ತ್ರದ ಒಂದು ಅಧ್ಯಾಯ, ಇತಿಹಾಸದ ಒಂದು ಅಧ್ಯಾಯ ತೆಗೆದು ಓದಿ. ಪೂರ್ತಿ ಅರ್ಥವಾಗಬೇಕಿಲ್ಲ. ಯಾವುದನ್ನು ಓದುವಾಗ ಇನ್ನೊಂದು ಪುಟ ತಿರುಗಿಸೋಣ ಅನ್ನಿಸಿತು, ಯಾವುದಕ್ಕೆ ಕಣ್ಣು ಎಳೆಯಿತು ಅನ್ನುವುದು ನಿಮಗಲ್ಲದೆ ಬೇರೆ ಯಾರಿಗೂ ತಿಳಿಯುವುದಿಲ್ಲ.

ಮೊದಲು ಚೌಕಟ್ಟು ಹೇಳಿಬಿಡುತ್ತೇನೆ. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಒಟ್ಟು ಆರು ವಿಷಯ, 600 ಅಂಕ. ಆ ನಾಲ್ಕು ಐಚ್ಛಿಕ ವಿಷಯಗಳ ಗುಂಪನ್ನೇ ಎಲ್ಲರೂ ಕಾಂಬಿನೇಷನ್ ಎನ್ನುವುದು. ವಿಷಯಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ ಜೋಡಿಸಿ ಪಿಸಿಎಂಬಿ, ಎಚ್‌ಇಬಿಎ ಅಂತ ಕರೆಯುತ್ತಾರೆ. ಪ್ರಯೋಗಾಲಯವಿರುವ ವಿಷಯಕ್ಕೆ ಬರವಣಿಗೆಯ ಪರೀಕ್ಷೆ 70 ಅಂಕಕ್ಕೆ, ಪ್ರಾಯೋಗಿಕ 30ಕ್ಕೆ. ಪ್ರಯೋಗವಿಲ್ಲದ ವಿಷಯಕ್ಕೆ 80 ಅಂಕ ಪರೀಕ್ಷೆಯದು, 20 ಅಂಕ ಆಂತರಿಕ ಮೌಲ್ಯಮಾಪನದ್ದು. ಹಾಜರಿ 75 ಪ್ರತಿಶತ ಇರಲೇಬೇಕು. ದ್ವಿತೀಯ ಪಿಯುಸಿ ಪರೀಕ್ಷೆಯನ್ನು ನಡೆಸುವುದು ನಿಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಸಿದ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯೇ. 2024ರಿಂದ ಅದು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದೆ. ಒಮ್ಮೆ ಕೈ ತಪ್ಪಿದರೆ ಇಡೀ ವರ್ಷ ಹೋಯಿತು ಎಂಬ ಹಳೆಯ ಭಯ ಈಗ ಬೇಕಿಲ್ಲ.

ನಾನು ಬದುಕು ಕಳೆದ ವಿಭಾಗದಿಂದ ಶುರು ಮಾಡುತ್ತೇನೆ. ರಸಾಯನಶಾಸ್ತ್ರದ ಲ್ಯಾಬಿಗೆ ಕಾಲಿಟ್ಟ ಕೆಲ ವಾರಗಳಲ್ಲೇ ಟೈಟ್ರೇಷನ್ ಕಲಿಸುತ್ತೇವೆ. ಪರ್ಮಾಂಗನೇಟ್ ದ್ರಾವಣವನ್ನು ಬ್ಯೂರೆಟ್‌ಗೆ ತುಂಬುತ್ತೀರಿ, ಗಾಢ ನೇರಳೆ ಬಣ್ಣ. ಕೆಳಗೆ ಫ್ಲಾಸ್ಕಿನಲ್ಲಿ ಆಕ್ಸಾಲಿಕ್ ಆಮ್ಲ, ಅದಕ್ಕೆ ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಸೇರಿಸಿ ಬಿಸಿ ಮಾಡಿರುತ್ತೀರಿ. ನಲ್ಲಿ ತಿರುಗಿಸಿ ಹನಿ ಹನಿಯಾಗಿ ಬಿಡುತ್ತೀರಿ. ಮೊದಲ ಹನಿಯ ಬಣ್ಣ ಮಾಯವಾಗಲು ಕೊಂಚ ಹೊತ್ತು ತೆಗೆದುಕೊಳ್ಳುತ್ತದೆ. ಆಮೇಲೆ ಬಿದ್ದದ್ದು ಬಿದ್ದ ಹಾಗೆ ಕರಗಿ ನೀರಿನಂತಾಗುತ್ತದೆ. ಕೊನೆಗೆ ಒಂದು ಹನಿ ಬೀಳುತ್ತದೆ, ಫ್ಲಾಸ್ಕ್ ಪೂರ್ತಿ ತಿಳಿಗುಲಾಬಿಯಾಗಿ ಹಾಗೇ ನಿಲ್ಲುತ್ತದೆ. ಅಲ್ಲಿ ನಲ್ಲಿ ನಿಲ್ಲಿಸಬೇಕು. ಇನ್ನೊಂದು ಹನಿ ಜಾಸ್ತಿಯಾದರೆ ಮತ್ತೆ ಮೊದಲಿನಿಂದ. ಎರಡು ಸಲ ಮಾಡಿದ ಅಳತೆ ಒಂದಕ್ಕೊಂದು ಹೊಂದುವವರೆಗೆ ಮಾಡುತ್ತಲೇ ಇರಬೇಕು. ಗಾಢ ಬಣ್ಣದ ದ್ರಾವಣವಾದ್ದರಿಂದ ಬ್ಯೂರೆಟ್‌ನಲ್ಲಿ ಮೇಲಿನ ಅಂಚನ್ನು ಓದಬೇಕು, ಕಣ್ಣು ಆ ಗೆರೆಯ ಸಮಕ್ಕೇ ಇರಬೇಕು. ಇದನ್ನು ಮಾಡುವಾಗ ಕೆಲವು ಮಕ್ಕಳು ಬೆಲ್ ಹೊಡೆದದ್ದನ್ನೂ ಕೇಳಿಸಿಕೊಳ್ಳುವುದಿಲ್ಲ. ಕೆಲವರು ಪಕ್ಕದವರ ರೀಡಿಂಗ್ ನೋಡಿ ಬರೆದು ಎದ್ದುಬಿಡುತ್ತಾರೆ. ಸೈನ್ಸ್ ಯಾರಿಗೆ ಒಗ್ಗುತ್ತದೆ ಅನ್ನುವುದು ನನಗೆ ಅಂಕಪಟ್ಟಿಗಿಂತ ಬೇಗ ಲ್ಯಾಬಿನಲ್ಲೇ ತಿಳಿಯುತ್ತಿತ್ತು. 625ಕ್ಕೆ 400ರ ಆಸುಪಾಸಿನಲ್ಲಿ ಬಂದು ಒಂದು ಉಪ್ಪಿನಲ್ಲಿ ನೈಟ್ರೇಟ್ ಇದೆಯೋ ಇಲ್ಲವೋ ಎಂದು ಪ್ರನಾಳದಲ್ಲಿ ಕಂದು ಉಂಗುರ ಬರಿಸಲು ಊಟದ ಹೊತ್ತನ್ನೂ ಬಿಟ್ಟು ನಿಂತ ಮಕ್ಕಳಿದ್ದಾರೆ. ಅವರು ಮುಂದೆ ಚೆನ್ನಾಗಿ ಓದಿಕೊಂಡರು.

ಆದರೆ ಸೈನ್ಸ್ ಅಂದರೆ ಲ್ಯಾಬಿಗಿಂತ ಹೆಚ್ಚು ಗಣಿತ. ಇದನ್ನು ಮುಚ್ಚಿಡದೆ ಹೇಳಬೇಕು. ಹತ್ತನೇ ತರಗತಿಯ ಗಣಿತದಿಂದ ಪಿಯುಸಿ ಗಣಿತಕ್ಕೆ ಏರುವಾಗ ನಡುವೆ ದೊಡ್ಡ ಜಿಗಿತವಿದೆ. ಕಲನಶಾಸ್ತ್ರ ಬರುತ್ತದೆ, ತ್ರಿಕೋನಮಿತಿ ಬೆಳೆದುಕೊಂಡು ಹೋಗುತ್ತದೆ, ಭೌತಶಾಸ್ತ್ರವೂ ಅದೇ ಗಣಿತದ ಭಾಷೆಯಲ್ಲೇ ಮಾತಾಡುತ್ತದೆ. ಹತ್ತನೆಯಲ್ಲಿ ಗಣಿತಕ್ಕೆ 95 ಬಂದ ಮಗು ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಅರ್ಧಕ್ಕಿಂತ ಕೆಳಗಿಳಿದು ಕಂಗಾಲಾಗುವುದು ಪ್ರತಿ ವರ್ಷವೂ ಕಾಣುವ ಸಂಗತಿ. ದಡ್ಡತನ ಅದಕ್ಕೆ ಕಾರಣವಲ್ಲ. ಹತ್ತನೆಯಲ್ಲಿ ಮಾದರಿ ಲೆಕ್ಕ ಕಂಠಪಾಠ ಮಾಡಿ ದಾಟಬಹುದಿತ್ತು, ಇಲ್ಲಿ ಅದು ನಡೆಯುವುದಿಲ್ಲ. ಒಂದು ಲೆಕ್ಕದ ಮುಂದೆ ಅರ್ಧ ಗಂಟೆ ಕೂತು, ಬರದೆ, ಬಿಟ್ಟು, ಮತ್ತೆ ಬಂದು ಕೂರುವ ತಾಳ್ಮೆ ಇದ್ದರೆ ಹೆದರಬೇಡಿ.

ಪಿಸಿಎಂಬಿ ಅಂದರೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರ. ಜೀವಶಾಸ್ತ್ರದ ಜಾಗದಲ್ಲಿ ಗಣಕ ವಿಜ್ಞಾನ ಬಂದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಬಂದರೆ ಪಿಸಿಎಂಇ, ಸಂಖ್ಯಾಶಾಸ್ತ್ರ ಬಂದರೆ ಪಿಸಿಎಂಎಸ್. ಕಂಪ್ಯೂಟರ್ ಎಂಜಿನಿಯರಿಂಗ್ ಮಾಡಬೇಕಾದರೆ ಪಿಸಿಎಂಸಿಯನ್ನೇ ತಗೋಬೇಕು ಎಂದು ನಂಬಿದ ಮನೆಗಳು ಬಹಳ. ಹಾಗೇನಿಲ್ಲ. ಪಿಸಿಎಂಬಿ ಓದಿದವರೂ ಕಂಪ್ಯೂಟರ್ ಸೈನ್ಸ್ ಸೀಟು ಪಡೆಯುತ್ತಾರೆ, ಭೌತ, ರಸಾಯನ, ಗಣಿತ ಇದ್ದರೆ ಸಾಕು. ಎಂಜಿನಿಯರಿಂಗ್, ಮೆಡಿಕಲ್ ಎರಡೂ ದಾರಿ ತೆರೆದಿರಲಿ ಎಂದು ಜೀವಶಾಸ್ತ್ರ ತೆಗೆದುಕೊಳ್ಳುವವರು ಒಂದನ್ನು ಯೋಚಿಸಿ. ಸಸ್ಯ, ಪ್ರಾಣಿ, ಕೋಶ, ಅನುವಂಶೀಯತೆ ಎಂದು ಹೆಸರು, ಚಿತ್ರ, ವರ್ಗೀಕರಣದ ರಾಶಿಯೇ ಅಲ್ಲಿದೆ. ಈರುಳ್ಳಿ ಬೇರಿನ ತುದಿ ಕತ್ತರಿಸಿ ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದಲ್ಲಿ ಕೋಶ ಒಡೆಯುವ ಹಂತಗಳನ್ನು ಹುಡುಕುವುದು ಖುಷಿ ಕೊಡುವುದಾದರೆ ತಗೊಳ್ಳಿ. ಅದು ಕೇವಲ ಇರಲಿ ಎಂದು ಹೊತ್ತುಕೊಂಡರೆ ಎರಡು ವರ್ಷದ ಹೊರೆ. ಮನೆಯಲ್ಲಿ ಹೊಲ ಇದ್ದು ಅದರಲ್ಲಿ ಮನಸ್ಸಿರುವ ಮಕ್ಕಳಿಗೆ ಮಾತ್ರ ಪಿಸಿಎಂಬಿಯನ್ನೇ ಹೇಳುತ್ತೇನೆ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳು, ಬಾಗಲಕೋಟೆಯ ತೋಟಗಾರಿಕೆ, ಬೀದರ್‌ನ ಪಶುವೈದ್ಯ ವಿಶ್ವವಿದ್ಯಾಲಯಗಳ ಕಡೆಗೆ ಅದು ದಾರಿ ತೆರೆಯುತ್ತದೆ. ಕೃಷಿಕರ ಮಕ್ಕಳಿಗೆ ಅಲ್ಲಿ ಬೇರೆ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ನೀವು ಹುಟ್ಟಿನಿಂದ ಬಲ್ಲದ್ದಕ್ಕೆ ಅಂಕ ಸಿಗುವ ಅಪರೂಪದ ಜಾಗ ಅದು.

ಸಿಇಟಿ, ನೀಟ್ ವಿಚಾರ ಹೇಳದೆ ಸೈನ್ಸ್ ಮಾತು ಮುಗಿಯುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ್‍ಯಾಂಕ್ ಹಾಕುವಾಗ ಸಿಇಟಿ ಅಂಕಕ್ಕೆ ಅರ್ಧ ತೂಕ, ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಕ್ಕೆ ಇನ್ನರ್ಧ ತೂಕ. ಅಂದರೆ ಕಾಲೇಜಿನ ಪಾಠ ಬಿಟ್ಟು ಕೋಚಿಂಗ್ ಹಿಂದೆ ಓಡಿದವರು ಅರ್ಧವನ್ನು ತಾವೇ ಕೈಬಿಟ್ಟ ಹಾಗೆ. ವೈದ್ಯಕೀಯಕ್ಕೆ ನೀಟ್ ಒಂದೇ ಗತಿ. ಒಟ್ಟು 180 ಪ್ರಶ್ನೆ, 720 ಅಂಕ, ಅದರಲ್ಲಿ ಸರಿಯಾಗಿ ಅರ್ಧ ಜೀವಶಾಸ್ತ್ರದ್ದು. ಅಲ್ಲಿ ತಪ್ಪಿಗೆ ಒಂದೊಂದು ಅಂಕ ಹೋಗುತ್ತದೆ. ಅದನ್ನು ಕನ್ನಡದಲ್ಲೂ ಬರೆಯಬಹುದು ಅನ್ನುವುದು ಬಹಳ ಮಕ್ಕಳಿಗೆ ಗೊತ್ತೇ ಇಲ್ಲ.

ಈಗ ಹಲವು ಕಡೆ ಪಿಯುಸಿ ಜತೆಗೇ ಕೋಚಿಂಗ್ ಎಂದು ಬೋರ್ಡ್ ಹಾಕಿಕೊಂಡ ಕಾಲೇಜುಗಳಿವೆ. ಎಲ್ಲವೂ ಕೆಟ್ಟವಲ್ಲ. ಆದರೆ ಸೇರುವ ಮೊದಲು ಲ್ಯಾಬ್ ತೋರಿಸಿ ಎಂದು ಕೇಳಿ. ಬೀಗ ಹಾಕಿದ ಲ್ಯಾಬಿನ ಬಾಗಿಲಲ್ಲಿ ಧೂಳು ಕೂತಿದ್ದರೆ, ಪರೀಕ್ಷೆ ಹತ್ತಿರ ಬಂದಾಗ ಒಂದು ವಾರದಲ್ಲಿ ಎಲ್ಲ ಪ್ರಯೋಗ ಮುಗಿಸುತ್ತೇವೆ ಎಂದು ಹೇಳಿದರೆ, ಅಲ್ಲಿ ನೀವು ವಿಜ್ಞಾನ ಕಲಿಯುವುದಿಲ್ಲ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಬೆಂಚಿನ ಮೇಲೆ ಕೂತು ಉತ್ತರದ ಗುಂಡಿಗೆ ಕಪ್ಪು ತುಂಬುವ ಅಭ್ಯಾಸ ಮಾತ್ರ ಕಲಿಯುತ್ತೀರಿ. ಹದಿನಾರು ವರ್ಷದ ಮಗುವಿಗೆ ಅದು ಅನ್ಯಾಯ ಎಂದು ನಾನು ಮನಸಾರೆ ನಂಬಿದ್ದೇನೆ.

ಕಾಮರ್ಸ್ ವಿಷಯಕ್ಕೆ ಬರೋಣ. ಇಲ್ಲಿ ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರ ಸಾಮಾನ್ಯವಾಗಿ ಇದ್ದೇ ಇರುತ್ತವೆ. ನಾಲ್ಕನೆಯದು ಇತಿಹಾಸವಾದರೆ ಎಚ್‌ಇಬಿಎ, ಗಣಕ ವಿಜ್ಞಾನವಾದರೆ ಸಿಇಬಿಎ, ಸಂಖ್ಯಾಶಾಸ್ತ್ರವಾದರೆ ಎಸ್‌ಇಬಿಎ. ಮೂಲ ಗಣಿತ ಎಂಬ ವಿಷಯವನ್ನೂ ಕೆಲವು ಕಾಲೇಜುಗಳಲ್ಲಿ ತಗೋಬಹುದು. ಸಿಎ ಮಾಡುವ ಆಸೆಯಿದ್ದವರಿಗೆ ಮೂಲ ಗಣಿತವೋ ಸಂಖ್ಯಾಶಾಸ್ತ್ರವೋ ಕೈಹಿಡಿಯುತ್ತದೆ. ಸಿಎ ಫೌಂಡೇಷನ್ ಪರೀಕ್ಷೆಯನ್ನು ಪಿಯುಸಿ ಮುಗಿಸಿದ ಯಾವ ವಿಭಾಗದವರೂ ಬರೆಯಬಹುದು, ಆದರೆ ಲೆಕ್ಕಶಾಸ್ತ್ರದ ಬುನಾದಿ ಇದ್ದವರಿಗೆ ಅದು ಹಗುರ.

ಲೆಕ್ಕಶಾಸ್ತ್ರ ಅಂದರೆ ಗಣಿತ ಎಂದು ಹೆದರುವವರಿದ್ದಾರೆ. ಅಲ್ಲಿ ಬೇಕಾಗುವ ಗಣಿತ ಕೂಡುವುದು, ಕಳೆಯುವುದು, ಶೇಕಡಾವಾರು, ಅನುಪಾತ. ಅದಕ್ಕಿಂತ ಹೆಚ್ಚು ಬೇಕಾದದ್ದು ಶಿಸ್ತು. ಅಂಗಡಿಯವನು ಹತ್ತು ಸಾವಿರದ ಸರಕನ್ನು ಉದ್ರಿ ಕೊಂಡ ಅಂದರೆ ಯಾವ ಖಾತೆಗೆ ಡೆಬಿಟ್, ಯಾವುದಕ್ಕೆ ಕ್ರೆಡಿಟ್ ಎಂದು ಜರ್ನಲ್‌ನಲ್ಲಿ ಬರೆಯಬೇಕು, ಅಲ್ಲಿಂದ ಲೆಡ್ಜರ್‌ಗೆ ಏರಿಸಬೇಕು, ಕೊನೆಗೆ ಟ್ರಯಲ್ ಬ್ಯಾಲೆನ್ಸ್‌ನ ಎರಡೂ ಬದಿ ಸಮ ಬರಬೇಕು. ಬರದಿದ್ದರೆ ಎಲ್ಲೋ ಒಂದು ಅಂಕಿ ಜಾರಿದೆ, ಹಿಂದಕ್ಕೆ ಹೋಗಿ ಹುಡುಕಬೇಕು. ಎರಡೂ ಬದಿ ಕೂಡಿ ಬಂದಾಗ ಮುಖ ಅರಳುವ ಮಕ್ಕಳನ್ನು ಪಕ್ಕದ ಕೊಠಡಿಯಲ್ಲಿ ನೋಡುತ್ತಿದ್ದೆ. ದ್ವಿತೀಯ ವರ್ಷದಲ್ಲಿ ಪಾಲುದಾರಿಕೆಯ ಲೆಕ್ಕಗಳು, ಷೇರು, ಡಿಬೆಂಚರ್ ಬರುತ್ತವೆ. ಇಬ್ಬರು ಸೇರಿ ನಡೆಸುವ ವ್ಯಾಪಾರಕ್ಕೆ ಮೂರನೆಯವನು ಬಂದರೆ ಲಾಭ ಹೇಗೆ ಹಂಚಬೇಕು, ಒಬ್ಬ ಬಿಟ್ಟು ಹೋದರೆ ಅವನಿಗೆ ಎಷ್ಟು ಕೊಡಬೇಕು ಎಂಬ ಜಗಳ ಹುಟ್ಟಿಸುವ ವಿಷಯಗಳನ್ನು ಕಾಗದದ ಮೇಲೆ ನ್ಯಾಯವಾಗಿ ಬಗೆಹರಿಸುವ ವಿದ್ಯೆ ಅದು. ಕಿರಾಣಿ ಅಂಗಡಿ, ಹೋಟೆಲು, ಅಡಿಕೆ ಮಂಡಿ ನೋಡಿಕೊಂಡು ಬೆಳೆದ ಮಕ್ಕಳಿಗೆ ಇದು ಬಹಳ ಬೇಗ ಹತ್ತುತ್ತದೆ. ಸೈನ್ಸ್ ಸಿಗಲಿಲ್ಲ ಎಂದು ಇಲ್ಲಿಗೆ ಬರಬೇಡಿ, ಇದೇ ಬೇಕು ಎಂದು ಬನ್ನಿ.

ಕಲಾ ವಿಭಾಗದ ಬಗ್ಗೆ ನಾನು ಹೆಚ್ಚು ಹೊತ್ತು ಮಾತಾಡಬೇಕು. ಅತ್ಯಂತ ಹೆಚ್ಚು ತಪ್ಪು ಮಾತು ಕೇಳಿರುವುದು ಅದರ ಬಗ್ಗೆಯೇ. ಎಚ್‌ಇಪಿಎಸ್ ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಭೂಗೋಳ, ಮನಃಶಾಸ್ತ್ರ, ಶಿಕ್ಷಣಶಾಸ್ತ್ರ, ತರ್ಕಶಾಸ್ತ್ರ, ಐಚ್ಛಿಕ ಕನ್ನಡ ಇರುವ ಕಾಂಬಿನೇಷನ್‌ಗಳೂ ಇವೆ, ಕಾಲೇಜಿನಿಂದ ಕಾಲೇಜಿಗೆ ಬೇರೆ. ಭೂಗೋಳಕ್ಕೂ ಮನಃಶಾಸ್ತ್ರಕ್ಕೂ ಪ್ರಾಯೋಗಿಕ ಪರೀಕ್ಷೆಯಿದೆ ಎಂದರೆ ಆರ್ಟ್ಸ್ ಅಂದರೆ ಬರೀ ಬಾಯಿಪಾಠ ಎನ್ನುವವರು ಹುಬ್ಬೇರಿಸುತ್ತಾರೆ.

ಸಮಾಜಶಾಸ್ತ್ರದಲ್ಲಿ ಏನು ಓದುತ್ತೀರಿ ಎಂದು ತಿಳಿಯಬೇಕೆಂದರೆ ನಮ್ಮ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸರ ಕೆಲಸ ನೋಡಿ. 1916ರಲ್ಲಿ ಹುಟ್ಟಿದವರು. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿ ಅಲ್ಲೇ ಉಳಿದು, ಜನ ಹೇಗೆ ಉಳುತ್ತಾರೆ, ಯಾರ ಮನೆಯಲ್ಲಿ ಯಾರು ಊಟ ಮಾಡುತ್ತಾರೆ, ಜಗಳ ಬಂದರೆ ಯಾರ ಮುಂದೆ ನ್ಯಾಯಕ್ಕೆ ಹೋಗುತ್ತಾರೆ ಎಂದು ಬರೆದುಕೊಂಡರು. ಆ ಹಳ್ಳಿಗೆ ಪುಸ್ತಕದಲ್ಲಿ ರಾಂಪುರ ಎಂದು ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬೆಂಕಿ ಬಿದ್ದು ಸಂಸ್ಕರಿಸಿಟ್ಟ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ನೆನಪಿನ ಬಲದಿಂದಲೇ ಆ ಹಳ್ಳಿಯ ಬಗ್ಗೆ ಇಡೀ ಪುಸ್ತಕ ಬರೆದರು, ಅದನ್ನು ಇಂದಿಗೂ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಓದುತ್ತಾರೆ. ನಿಮ್ಮ ಕೇರಿಯ ಬಗ್ಗೆ, ನಿಮ್ಮ ಊರಿನ ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಮೊದಲು ಯಾರು ಕೈ ಹಾಕುತ್ತಾರೆ ಅನ್ನುವುದರ ಬಗ್ಗೆ ಏಕೆ ಎಂದು ಕೇಳುವ ಅಭ್ಯಾಸವಿರುವ ಮಗುವಿಗೆ ಈ ವಿಷಯ ತನ್ನ ಮನೆ ಎನ್ನಿಸುತ್ತದೆ.

ಇತಿಹಾಸವೂ ಹಾಗೆಯೇ. ಇಸವಿ ಬಾಯಿಪಾಠ ಎಂದು ಮೂಗು ಮುರಿಯುವವರು ಊರ ಹೊರಗಿನ ವೀರಗಲ್ಲಿನ ಮುಂದೆ ಎಂದಾದರೂ ನಿಂತಿದ್ದಾರೋ ಇಲ್ಲವೋ ತಿಳಿಯದು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕೂತಿರುವುದು. ಆತ ದನ ಬಿಡಿಸಿಕೊಳ್ಳಲು ಹೋಗಿ ಸತ್ತನೋ, ಹೆಣ್ಣಿನ ಮಾನ ಕಾಯಲು ಹೋಗಿ ಸತ್ತನೋ, ಅರಸ ಯಾರಿದ್ದ ಎಂಬುದನ್ನು ಅದೇ ಕಲ್ಲಿನ ಮೇಲಿನ ಬರಹ ಹೇಳುತ್ತದೆ. ಅದನ್ನು ಓದಲು ಕಲಿತವರು ಬೆರಳೆಣಿಕೆ. ಹಳಗನ್ನಡ ಬಲ್ಲ, ಇತಿಹಾಸ ಬಲ್ಲ ಮಕ್ಕಳು ಬೇಕಾಗಿದ್ದಾರೆ. ಎಷ್ಟೋ ಊರುಗಳಲ್ಲಿ ಇಂಥ ಕಲ್ಲುಗಳು ಬಟ್ಟೆ ಒಗೆಯುವ ಹಾಸುಗಲ್ಲಾಗಿ ಬಿದ್ದಿವೆ, ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಆರ್ಟ್ಸ್ ಓದಿದರೆ ಅನ್ನ ಹುಟ್ಟುತ್ತದೆಯೇ ಎಂದು ಅಪ್ಪ ಅಮ್ಮ ಕೇಳುವುದು ತಪ್ಪಲ್ಲ. ಪಿಯುಸಿ ಮುಗಿಸಿದರೆ ದ್ವಿತೀಯ ದರ್ಜೆ ಸಹಾಯಕ, ಗ್ರಾಮ ಆಡಳಿತ ಅಧಿಕಾರಿ, ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗಳಿಗೆ ಅರ್ಹತೆ ಬರುತ್ತದೆ, ಯಾವ ವಿಭಾಗ ಎಂದು ಅಲ್ಲಿ ಕೇಳುವುದಿಲ್ಲ. ಪದವಿ ಮುಗಿಸಿದರೆ ಕೆಎಎಸ್, ಐಎಎಸ್. ಆ ಪರೀಕ್ಷೆಗಳಲ್ಲಿ ಕೇಳುವ ಸಂವಿಧಾನ, ಇತಿಹಾಸ, ಭೂಗೋಳ, ಅರ್ಥಶಾಸ್ತ್ರವನ್ನು ಎಂಜಿನಿಯರಿಂಗ್ ಮುಗಿಸಿದವರು ಮತ್ತೆ ಅಆಇಈಯಿಂದ ಓದಿಕೊಳ್ಳುತ್ತಾರೆ. ಕಾನೂನು ಓದಲು ಪಿಯುಸಿ ನಂತರವೇ ಐದು ವರ್ಷದ ಕೋರ್ಸ್ ಇದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಕ್ಲ್ಯಾಟ್ ಬರೆದು ಯಾವ ವಿಭಾಗದವರೂ ಹೋಗಬಹುದು, ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನದಲ್ಲೂ ಕಾಲೇಜುಗಳಿವೆ. ಮೇಷ್ಟ್ರಾಗುವ ಆಸೆಯಿದ್ದವರು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನು ನೆನಪಿಟ್ಟುಕೊಳ್ಳಿ. ಪದವಿ ಮತ್ತು ಬಿ.ಎಡ್. ಎರಡನ್ನೂ ನಾಲ್ಕು ವರ್ಷದಲ್ಲಿ ಒಟ್ಟಿಗೆ ಮುಗಿಸುವ ಕೋರ್ಸುಗಳು ಅಲ್ಲಿವೆ.

ಭಾಷೆಗಳನ್ನು ಕಡೆಗಣಿಸಬೇಡಿ. 600ರಲ್ಲಿ 200 ಅವುಗಳದ್ದೇ. ಅಂಕ ಸುಲಭವಾಗಿ ಬೀಳುತ್ತದೆ ಎಂಬ ಒಂದೇ ಕಾರಣಕ್ಕೆ ಕನ್ನಡ ಬಿಟ್ಟು ಬೇರೆ ಭಾಷೆಗೆ ಹಾರುವ ಮಕ್ಕಳನ್ನು ಕಂಡಾಗ ನನಗೆ ನೋವಾಗುತ್ತಿತ್ತು. ಸಂಸ್ಕೃತವನ್ನೋ ಹಿಂದಿಯನ್ನೋ ಪ್ರೀತಿಯಿಂದ ಓದುವವರು ಓದಲಿ. ಆದರೆ ಹದಿನಾರನೆಯ ವಯಸ್ಸಿನಲ್ಲಿ ಪಂಪ, ಬಸವಣ್ಣ, ಕುವೆಂಪುವನ್ನು ಒಬ್ಬ ಒಳ್ಳೆಯ ಮೇಷ್ಟ್ರ ಬಾಯಿಂದ ಕೇಳುವ ಅವಕಾಶ ಆಮೇಲೆ ಮತ್ತೆ ಸಿಗುವುದು ಕಷ್ಟ.

ಪಿಯುಸಿಯೊಂದೇ ದಾರಿಯಲ್ಲ ಎಂಬುದನ್ನೂ ಹೇಳಬೇಕು. ಕೈಯಲ್ಲಿ ಸ್ಕ್ರೂಡ್ರೈವರ್ ಸಿಕ್ಕರೆ ಮನೆಯ ಮಿಕ್ಸಿ ಬಿಚ್ಚಿ ಕೂರುವ ಮಗುವನ್ನು ಪಿಸಿಎಂಸಿಗೆ ಸೇರಿಸಿ ಎರಡು ವರ್ಷ ಕಾಯಿಸುವುದೇಕೆ? ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ. ಮುಗಿಸಿದವರು ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ನೇರ ಸೇರಬಹುದು. ಐಟಿಐನಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಬಾಗಿಲು ತೆರೆದಿದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಎಲ್ಲರೂ ಜಿಟಿಟಿಸಿ ಎನ್ನುವುದು, ಅಲ್ಲಿ ಕಲಿತವರನ್ನು ಕಾರ್ಖಾನೆಗಳು ಹುಡುಕಿಕೊಂಡು ಬರುತ್ತವೆ. ಇಲ್ಲೆಲ್ಲ ಅರ್ಜಿ ಕರೆಯುವ ದಿನಾಂಕ ಪಿಯುಸಿ ದಾಖಲಾತಿಯ ಆಸುಪಾಸಿನಲ್ಲೇ ಇರುತ್ತದೆ, ಆಮೇಲೆ ನೋಡೋಣ ಎಂದರೆ ತಪ್ಪಿಹೋಗುತ್ತದೆ.

ಕನ್ನಡ ಮಾಧ್ಯಮದಿಂದ ಬಂದು ಸೈನ್ಸ್ ಸೇರುವ ಮಕ್ಕಳಿಗೆ ಎರಡು ಮಾತು. ಪಾಠ ಇಂಗ್ಲಿಷಿನಲ್ಲಿರುವುದರಿಂದ ಮೊದಲ ಎರಡು ಮೂರು ತಿಂಗಳು ಕಷ್ಟವಾಗುತ್ತದೆ. ಕ್ಲಾಸಿನಲ್ಲಿ ಎಲ್ಲರೂ ತಲೆಯಾಡಿಸುತ್ತಿರುವಾಗ ನಿಮಗೊಬ್ಬರಿಗೇ ಅರ್ಥವಾಗುತ್ತಿಲ್ಲ ಅನ್ನಿಸುತ್ತದೆ. ತಲೆಯಾಡಿಸುವವರಲ್ಲಿ ಅರ್ಧ ಜನಕ್ಕೂ ಅರ್ಥವಾಗಿರುವುದಿಲ್ಲ. ಜಡತ್ವ, ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ ನೀವು ಚೆನ್ನಾಗಿ ಕಲಿತೇ ಬಂದಿದ್ದೀರಿ, ವಿಷಯ ನಿಮ್ಮ ತಲೆಯಲ್ಲಿದೆ, ಹೊಸ ಹೆಸರು ಮಾತ್ರ ಗುರುತು ಮಾಡಿಕೊಳ್ಳಬೇಕು. ನಿಮ್ಮ ಒಂಬತ್ತು, ಹತ್ತನೇ ತರಗತಿಯ ಕನ್ನಡ ವಿಜ್ಞಾನದ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ, ಅದೇ ಪಾಠದ ಇಂಗ್ಲಿಷ್ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ರಜೆಯಲ್ಲೇ ಓದಿ. ಲೆಕ್ಚರರ್ ಹತ್ತಿರ ಹೋಗಿ, ಸಾರ್, ಇದನ್ನು ಕನ್ನಡದಲ್ಲಿ ಒಂದು ಸಲ ಹೇಳಿ ಎಂದು ಕೇಳಿ. ನಾನು ಕಂಡಂತೆ ಹಾಗೆ ಕೇಳಿದ ಮಗುವನ್ನು ಬೈದು ಕಳಿಸುವವರು ಕಡಿಮೆ.

ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ್ದು ಕೊರತೆಯಲ್ಲ, ಕಾನೂನಿನಲ್ಲಿ ಅದಕ್ಕೆ ಬೆಲೆಯಿದೆ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿ ಸೀಟು ಹಂಚಿಕೆಯಲ್ಲಿ 15 ಪ್ರತಿಶತ, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಪ್ರತಿಶತ ಮೀಸಲಿದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಬೇರೆ ಮೀಸಲಾತಿ ಇದೆ. ಇದಕ್ಕೆಲ್ಲ ಓದಿದ ಶಾಲೆಗಳಿಂದ ಅಧ್ಯಯನ ಪ್ರಮಾಣಪತ್ರ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಬೇಕು. ಸಿಇಟಿ ಬಂದಾಗ ಮಾಡಿಸೋಣ ಎಂದು ಕೂತರೆ ಐದನೇ ತರಗತಿ ಓದಿದ ಶಾಲೆ ಆಗಲೇ ಪಕ್ಕದ ಊರಿನ ಶಾಲೆಯಲ್ಲಿ ವಿಲೀನವಾಗಿರುತ್ತದೆ, ದಾಖಲೆ ಪುಸ್ತಕ ಯಾರ ಬೀರುವಿನಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಎಸ್ಸೆಸ್ಸೆಲ್ಸಿ ಟಿಸಿ ತರಲು ಶಾಲೆಗೆ ಹೋದ ದಿನವೇ ಇದನ್ನೂ ಕೇಳಿ. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ ಅದರ ಆರ್‌ಡಿ ನಂಬರ್ ಒಂದು ಕಡೆ ಬರೆದಿಟ್ಟುಕೊಳ್ಳಿ, ವಿದ್ಯಾರ್ಥಿವೇತನಕ್ಕೂ ಹಾಸ್ಟೆಲಿಗೂ ಅದೇ ಬೇಕು. ದೂರದ ಊರಿನಿಂದ ಬರುವವರು, ಮುಖ್ಯವಾಗಿ ಹೆಣ್ಣುಮಕ್ಕಳು, ಕಾಲೇಜಿಗೆ ಸೇರಿದ ಕೂಡಲೇ ಹಿಂದುಳಿದ ವರ್ಗಗಳ (ಬಿಸಿಎಂ) ಅಥವಾ ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲಿಗೆ ಅರ್ಜಿ ಹಾಕಿ. ಬಸ್ ಇಲ್ಲ ಎಂಬ ಒಂದೇ ಕಾರಣಕ್ಕೆ ಸೆಪ್ಟೆಂಬರ್ ಹೊತ್ತಿಗೆ ಕಾಲೇಜು ಬಿಟ್ಟ ಹುಡುಗಿಯರ ಹೆಸರುಗಳು ನನಗೆ ಇನ್ನೂ ನೆನಪಿವೆ.

ಇಷ್ಟೆಲ್ಲ ಯೋಚಿಸಿ ಸೇರಿದ ಮೇಲೂ ಇದು ನನ್ನದಲ್ಲ ಅನ್ನಿಸಬಹುದು. ಅನ್ನಿಸಿದರೆ ಮೊದಲ ಕೆಲವು ವಾರಗಳಲ್ಲೇ ಬಾಯಿಬಿಡಿ. ವಿದ್ಯಾರ್ಥಿಗಳ ಪಟ್ಟಿ ಇಲಾಖೆಗೆ ಹೋಗುವ ಮುನ್ನ ಕಾಂಬಿನೇಷನ್ ಬದಲಿಸುವುದು ಅಷ್ಟು ಕಷ್ಟವಲ್ಲ, ಹೋದ ಮೇಲೆ ಕಷ್ಟ. ಮೊದಲು ನಿಮ್ಮ ತರಗತಿಯ ಲೆಕ್ಚರರ್‌ಗೆ ಹೇಳಿ, ಅವರನ್ನು ಕರೆದುಕೊಂಡೇ ಪ್ರಿನ್ಸಿಪಾಲರ ಹತ್ತಿರ ಹೋಗಿ. ಮನೆಯಲ್ಲಿ ಒಪ್ಪುವುದಿಲ್ಲ ಎಂಬ ಭಯವಿದ್ದರೆ ಅದನ್ನೂ ಅವರಿಗೇ ಹೇಳಿ. ಅಪ್ಪನನ್ನು ಕಾಲೇಜಿಗೆ ಕರೆಸಿ, ಕುರ್ಚಿ ಹಾಕಿ ಕೂರಿಸಿ, ಟೀ ತರಿಸಿ ಮಾತಾಡಿದ ಎಷ್ಟೋ ಲೆಕ್ಚರರ್‌ಗಳು ನಮ್ಮ ಕಾಲೇಜುಗಳಲ್ಲಿದ್ದಾರೆ.